ಅಕ್ವೇರಿಯಂ ಮೀನುಗಳು ಕಾರಣ ತಿಳಿಯದೆ ಸಾಯುತ್ತಿದ್ದರೆ: ಕರಾವಳಿಯ ನೀರಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಮಂಗಳೂರು ಮತ್ತು ಉಡುಪಿಯ ಆಸುಪಾಸಿನಲ್ಲಿ ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರಿಂದ ಕೇಳಿಬರುವ ಅಳಲು ಹೆಚ್ಚಾಗಿ ಒಂದೇ ಬಗೆಯದು. ರಾತ್ರಿ ಆಹಾರ ತಿಂದು ಚುರುಕಾಗಿದ್ದ ಮೀನು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ನೀರು ತಿಳಿಯಾಗಿಯೇ ಇದೆ, ಮೈಮೇಲೆ ಗಾಯವಿಲ್ಲ, ಚುಕ್ಕೆಯಿಲ್ಲ, ಫಿಲ್ಟರ್ ಓಡುತ್ತಿದೆ. ಎರಡು ದಿನ ಬಿಟ್ಟು ಇನ್ನೊಂದು ಸಾಯುತ್ತದೆ. ಅಂಗಡಿಗೆ ಹೋದರೆ ನೀಲಿ ಔಷಧದ ಬಾಟಲಿಯೊಂದು ಕೈಗೆ ಸಿಗುತ್ತದೆ. ಅದನ್ನು ಹಾಕಿದ ಮೇಲೂ ಸಾವು ನಿಲ್ಲದಿದ್ದರೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿ ಹೊಸ ಮೀನು ತರುತ್ತಾರೆ, ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿಯೇ ಮರುಕಳಿಸುತ್ತದೆ.

ಸಿಹಿನೀರಿನ ಅಕ್ವೇರಿಯಂ ಇಟ್ಟವರಿಗಾಗಿ ಬರೆದ ಈ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವುದು ಹುಡುಕಾಟದ ಕ್ರಮವನ್ನು: ಮೊದಲು ನೀರು, ಆಮೇಲೆ ತೊಟ್ಟಿಯ ಸುತ್ತಲಿನ ಗಾಳಿ, ಕೊನೆಗೆ ರೋಗ. ಈ ಕ್ರಮವನ್ನು ತಲೆಕೆಳಗು ಮಾಡಿ ಔಷಧದಿಂದ ಆರಂಭಿಸುವುದರಿಂದಲೇ ಎಷ್ಟೋ ಮೀನುಗಳು ಸಾಯುತ್ತವೆ. ಅದರಲ್ಲೂ ನಮ್ಮ ಕರಾವಳಿಯ ಬಾವಿನೀರಿನಲ್ಲಿ ಬೇರೆ ಊರಿನವರಿಗೆ ಅಷ್ಟಾಗಿ ಎದುರಾಗದ ಒಂದು ಕೊರತೆಯಿದೆ, ಅದನ್ನು ಅರಿಯದೆ ಇಲ್ಲಿ ಅಕ್ವೇರಿಯಂ ನಡೆಸುವುದು ಕಷ್ಟ.

ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದ್ದು

ಸತ್ತ ಮೀನನ್ನು ತಕ್ಷಣ ಹೊರತೆಗೆಯಿರಿ, ಆದರೆ ಎಸೆಯಬೇಡಿ. ಒಂದು ಬಿಳಿ ತಟ್ಟೆಯಲ್ಲಿಡಿ. ಉಳಿದ ಮೀನುಗಳನ್ನು ಎಣಿಸಿ, ಕಾಣದಿರುವವನ್ನು ಗಿಡಗಳ ಬುಡದಲ್ಲಿ, ಕಲ್ಲಿನ ಹಿಂದೆ, ಫಿಲ್ಟರ್‌ನ ಸಂದಿಯಲ್ಲಿ ಹುಡುಕಿ, ಏಕೆಂದರೆ ಕಣ್ಣಿಗೆ ಬೀಳದೆ ಕೊಳೆಯುವ ಒಂದು ಮೀನು ಸಣ್ಣ ತೊಟ್ಟಿಯ ನೀರನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು. ಏರ್ ಪಂಪ್ ಇದ್ದರೆ ಪೂರ್ತಿ ತೆರೆಯಿರಿ (ಕೋಣೆಯಲ್ಲಿ ಹೊಗೆ ಅಥವಾ ಔಷಧದ ವಾಸನೆಯಿದ್ದರೆ ಮಾತ್ರ ಹಾಗೆ ಮಾಡಬಾರದು, ಅದರ ವಿಚಾರ ಮುಂದಿದೆ). ಆ ದಿನ ಆಹಾರ ಹಾಕಬೇಡಿ. ದೊಡ್ಡ ಮೀನುಗಳಿಗೆ ಎರಡು ಮೂರು ದಿನದ ಉಪವಾಸದಿಂದ ಏನೂ ಆಗುವುದಿಲ್ಲ.

ನೀರು ಬದಲಿಸುವ ಮೊದಲು ತೊಟ್ಟಿಯ ನೀರಿನ ಒಂದು ಮಾದರಿಯನ್ನು ಸ್ವಚ್ಛವಾದ ಬಾಟಲಿಯಲ್ಲಿ ತುಂಬಿ ಮುಚ್ಚಿಡಿ. ಗಾಬರಿಯಲ್ಲಿ ಎಲ್ಲರೂ ಮರೆಯುವ ಕೆಲಸ ಇದು. ನೀರು ಬದಲಿಸಿದ ಮೇಲೆ ಮಾಡುವ ಪರೀಕ್ಷೆ ಹೊಸ ನೀರಿನ ವಿಷಯವನ್ನು ಹೇಳುತ್ತದೆಯೇ ಹೊರತು ಮೀನನ್ನು ಕೊಂದ ನೀರಿನದ್ದನ್ನಲ್ಲ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡುವುದು, ಫಿಲ್ಟರ್‌ನ ಸ್ಪಂಜನ್ನು ನಳ್ಳಿಯ ಕೆಳಗೆ ಹಿಡಿದು ಹಿಂಡುವುದು, ಮರಳನ್ನು ಹೊರತೆಗೆದು ಬಿಸಿಲಿಗೆ ಹಾಕುವುದು, ಈ ಮೂರನ್ನೂ ಖಂಡಿತ ಮಾಡಬಾರದು. ಮೀನಿನ ಮಲ ಮೂತ್ರದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲಿ ಮತ್ತು ಆ ಮರಳಿನಲ್ಲಿಯೇ ನೆಲೆಸಿರುತ್ತವೆ. ಅವು ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ.

ಸಾವಿನ ರೀತಿಯನ್ನು ಗಮನಿಸುವುದು

ಮೀನುಗಳು ಸತ್ತ ಕ್ರಮದಲ್ಲಿಯೇ ಅರ್ಧ ಉತ್ತರ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಎಲ್ಲ ಜಾತಿಯ ಮೀನುಗಳೂ ಒಟ್ಟಿಗೆ ಸತ್ತಿದ್ದರೆ ಅದು ರೋಗವಲ್ಲ; ವಿಷ, ಕ್ಲೋರಿನ್ ಅಥವಾ ಆಮ್ಲಜನಕದ ಕೊರತೆ. ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ಸಣ್ಣವು ಮೇಲ್ಮೈಯಲ್ಲಿ ಬಾಯಿ ತೆರೆದುಕೊಂಡು ಉಳಿದಿರುತ್ತವೆ. ಗೌರಾಮಿ, ಫೈಟರ್ ಮುಂತಾದ, ಮೇಲಿನ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಮೀನುಗಳು ಮಾತ್ರ ಬದುಕಿ ಉಳಿದವೆಲ್ಲ ಸತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಮೀನುಗಳಿಗಿಂತ ಮೊದಲು ಸಿಗಡಿ ಮತ್ತು ಬಸವನಹುಳುಗಳು ಸತ್ತಿದ್ದರೆ ತಾಮ್ರ ಅಥವಾ ಕೀಟನಾಶಕದ ಕಡೆಗೆ ನೋಡಬೇಕು.

ದಿನಕ್ಕೊಂದು, ಎರಡು ದಿನಕ್ಕೊಂದರಂತೆ ಸಾಯುತ್ತಿದ್ದರೆ ಅಮೋನಿಯಾ, ನೈಟ್ರೈಟ್ ಅಥವಾ ನಿಧಾನವಾಗಿ ಹರಡುವ ರೋಗ ಇರಬಹುದು. ಒಂದೇ ಜಾತಿಯ ಮೀನುಗಳು ಸಾಯುತ್ತಿದ್ದರೆ ಆ ಜಾತಿಗೆ ಈ ನೀರು ಒಗ್ಗುತ್ತಿಲ್ಲ ಎಂದೇ ಹೆಚ್ಚಾಗಿ ಅರ್ಥ. ಉದಾಹರಣೆಗೆ ಮೋಲಿಗಳು ಗಡಸು ನೀರಿನ, ಅಂದರೆ ಸುಣ್ಣದಂಥ ಖನಿಜಾಂಶ ಹೆಚ್ಚಿರುವ ನೀರಿನ ಮೀನುಗಳು. ನಮ್ಮ ಮೆದು ಬಾವಿನೀರಿನಲ್ಲಿ ಅವು ನಿಂತಲ್ಲೇ ಮೈಯನ್ನು ಅತ್ತಿತ್ತ ಓಲಾಡಿಸುತ್ತ, ಈಜುರೆಕ್ಕೆಗಳನ್ನು ಮಡಚಿಕೊಂಡು ಸೊರಗುತ್ತವೆ. ಅದೇ ತೊಟ್ಟಿಯಲ್ಲಿ ನಿಯಾನ್ ಟೆಟ್ರಾಗಳು ನೆಮ್ಮದಿಯಾಗಿರುತ್ತವೆ. ಹಳೆಯ ಮೀನುಗಳು ಬದುಕಿದ್ದು ಹೊಸದಾಗಿ ತಂದವು ಮಾತ್ರ ಮತ್ತೆ ಮತ್ತೆ ಸಾಯುತ್ತಿದ್ದರೆ, ಅಂಗಡಿಯವರ ಮೀನು ಸರಿಯಿಲ್ಲ ಎಂದುಕೊಳ್ಳುವ ಮೊದಲು ತೊಟ್ಟಿಯ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲೀಯ) ನೋಡಬೇಕು. ನನ್ನ ಮಟ್ಟಿಗೆ ಕರಾವಳಿಯ ಹಳೆಯ ತೊಟ್ಟಿಗಳಲ್ಲಿ ಇದಕ್ಕಿಂತ ಮಹತ್ವದ ಸುಳಿವು ಇನ್ನೊಂದಿಲ್ಲ.

ಈಗ ತಟ್ಟೆಯಲ್ಲಿಟ್ಟ ಮೀನಿನ ಕಡೆಗೆ ಬನ್ನಿ. ಸತ್ತು ಅರ್ಧ ಗಂಟೆಯೊಳಗೆ ನೋಡಿದರೆ ಮಾತ್ರ ಪ್ರಯೋಜನ, ಏಕೆಂದರೆ ನಮ್ಮ ಸೆಕೆಯಲ್ಲಿ ಕಿವಿರು ಬಹಳ ಬೇಗ ಕೊಳೆಯುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ. ಮೀನಿನ ಕ್ಷಯದ ಒಂದು ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಸೋಂಕು ತರಬಲ್ಲದು. ಹಗಲಿನ ಬೆಳಕಿನಲ್ಲಿ ಚಿಮಟದಿಂದ ಕಿವಿರಿನ ಮುಚ್ಚಳವನ್ನು ಮೆಲ್ಲನೆ ಎತ್ತಿ ಒಳಗಿನ ಬಣ್ಣ ನೋಡಿ. ಆರೋಗ್ಯವಂತ ಕಿವಿರು ಗಾಢ ಕೆಂಪಾಗಿದ್ದು, ಅದರ ಎಳೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕೆಡಿಸಿದೆ ಎಂಬ ಅನುಮಾನ ಬರಬೇಕು. ಎಳೆಗಳ ಮೇಲೆ ಬಿಳಿಚಿದ ಲೋಳೆ ದಪ್ಪವಾಗಿ ಮೆತ್ತಿಕೊಂಡಿದ್ದರೆ ಕ್ಲೋರಿನ್, ಅಮೋನಿಯಾ, ಅತಿ ಆಮ್ಲೀಯ ನೀರು ಅಥವಾ ಪರೋಪಜೀವಿಗಳ ಕಾಟ ಇದ್ದೀತು. ಎಳೆಗಳ ನಡುವೆ ತುಕ್ಕಿನ ಬಣ್ಣದ ಪುಡಿ ಕಂಡರೆ ಅದು ನೀರಿನ ಕಬ್ಬಿಣಾಂಶ. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಇದು ಧಾರಾಳವಾಗಿರುತ್ತದೆ. ಬಾಯಿ ಅಗಲವಾಗಿ ತೆರೆದು, ಕಿವಿರಿನ ಮುಚ್ಚಳಗಳು ಹೊರಕ್ಕೆ ಚಾಚಿಕೊಂಡು ಸತ್ತಿದ್ದರೆ ಅದು ಉಸಿರುಗಟ್ಟಿದ ಲಕ್ಷಣ.

ನೀರಿನ ಪರೀಕ್ಷೆ

ಪರೀಕ್ಷೆಯ ಕಿಟ್ ಇಲ್ಲದೆ ಕಾರಣ ಹುಡುಕುವುದು ಸಾಧ್ಯವಿಲ್ಲ. ಅಮೋನಿಯಾ, ನೈಟ್ರೈಟ್, ಪಿಎಚ್ ಮತ್ತು ಕೆಎಚ್, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಕ್ಷಾರತೆಯನ್ನು ತೋರಿಸುವ ಕಾರ್ಬೊನೇಟ್ ಗಡಸುತನ, ಈ ನಾಲ್ಕನ್ನು ಅಳೆಯುವ ಹನಿ ಕಿಟ್ ಬೇಕೇ ಬೇಕು. ಕಾಗದದ ಪಟ್ಟಿಗಳು ಅಗ್ಗವಾದರೂ ಕರಾವಳಿಯ ತೇವಕ್ಕೆ ಡಬ್ಬಿಯಲ್ಲೇ ಕೆಟ್ಟುಹೋಗುತ್ತವೆ, ಜೂನ್ ತಿಂಗಳಲ್ಲಿ ತೆರೆದ ಡಬ್ಬಿಯನ್ನು ಆಗಸ್ಟ್‌ನಲ್ಲಿ ನಂಬಲಾಗದು. ಕಿಟ್‌ನ ಮೇಲಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ.

ಅಮೋನಿಯಾ ಪರೀಕ್ಷೆಯಲ್ಲಿ ಹೆಚ್ಚಿನ ಹನಿ ಕಿಟ್‌ಗಳು ಹಳದಿಯಿಂದ ಹಸಿರಿಗೆ ತಿರುಗುತ್ತವೆ. ಸೊನ್ನೆಗೂ ಲೀಟರಿಗೆ 0.25 ಮಿಲಿಗ್ರಾಮಿಗೂ ನಡುವಿನ ವ್ಯತ್ಯಾಸ ಟ್ಯೂಬ್‌ಲೈಟ್‌ನ ಬೆಳಕಿನಲ್ಲಿ ತಿಳಿಯುವುದಿಲ್ಲ. ಕಿಟಕಿಯ ಬಳಿ ಬಿಳಿ ಕಾಗದದ ಎದುರು ನಳಿಕೆಯನ್ನು ಹಿಡಿದು ನೋಡಬೇಕು, ಪಕ್ಕದಲ್ಲಿ ಬಾಟಲಿಯ ಶುದ್ಧ ಕುಡಿಯುವ ನೀರಿನಿಂದ ಮಾಡಿದ ಇನ್ನೊಂದು ನಳಿಕೆಯನ್ನಿಟ್ಟುಕೊಂಡರೆ ಸಂಶಯವೇ ಉಳಿಯುವುದಿಲ್ಲ. ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಎಷ್ಟು ಪಾಲು ವಿಷಕಾರಿ ಎಂಬುದು ಪಿಎಚ್ ಮತ್ತು ಉಷ್ಣತೆಯನ್ನು ಅವಲಂಬಿಸಿದೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಪಿಎಚ್ 8 ಇದ್ದರೆ ಆರೇಳು ಪಾಲು. ಪಿಎಚ್ ಒಂದು ಅಂಕ ಏರಿದಾಗ ಅದೇ ನೀರಿನ ವಿಷ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ ಎಂಬ ಈ ಒಂದು ಅಂಶವನ್ನು ನೆನಪಿನಲ್ಲಿಡಿ, ಮುಂದೆ ಇದರ ಅಗತ್ಯ ಬೀಳುತ್ತದೆ.

ಕೆಎಚ್ ಪರೀಕ್ಷೆ ಇನ್ನೂ ಸುಲಭ. ನಳಿಕೆಯಲ್ಲಿ 5 ಮಿಲಿಲೀಟರ್ ನೀರು ತೆಗೆದುಕೊಂಡು ನೀಲಿ ಬಣ್ಣ ಹಳದಿಯಾಗುವವರೆಗೆ ಹನಿಗಳನ್ನು ಎಣಿಸುತ್ತ ಹಾಕುವುದು. ಒಂದು ಹನಿ ಎಂದರೆ ಒಂದು ಡಿಗ್ರಿ. ನಮ್ಮ ಎಷ್ಟೋ ಬಾವಿಗಳ ನೀರಿನಲ್ಲಿ ನೀಲಿ ಬಣ್ಣ ಕಾಣಿಸುವುದೇ ಇಲ್ಲ, ಮೊದಲ ಹನಿಗೇ ನೀರು ಹಳದಿಯಾಗಿಬಿಡುತ್ತದೆ. ಕಿಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಕೆಎಚ್ ಒಂದಕ್ಕಿಂತ ಹೆಚ್ಚಿಲ್ಲ ಎಂದು ಅದು ಹೇಳುತ್ತಿದೆ.

ಮುರಕಲ್ಲಿನ ಬಾವಿಯ ನೀರು ಮತ್ತು ಪಿಎಚ್ ಕುಸಿತ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಬಾವಿಗಳು ಬಹುಪಾಲು ಮುರಕಲ್ಲಿನ ನೆಲದಲ್ಲಿ ತೋಡಿದವು. ಲಕ್ಷಾಂತರ ವರ್ಷಗಳ ಜಡಿಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿದ ಕಲ್ಲು ಇದು. ಆದ್ದರಿಂದ ಅದರ ಮೂಲಕ ಇಳಿದುಬರುವ ನೀರು ಮೆದುವಾಗಿ, ತುಸು ಆಮ್ಲೀಯವಾಗಿರುತ್ತದೆ. ಕುಡಿಯಲು ಅದು ಸಿಹಿ, ಬಟ್ಟೆ ಒಗೆಯಲು ನೊರೆ ಚೆನ್ನಾಗಿ ಬರುತ್ತದೆ. ನಾವೇ ಕುಡಿಯುವ ನೀರು, ಮೀನಿಗೇನಾಗುತ್ತದೆ ಎಂದು ಮನೆಯವರು ಕೇಳುವುದು ಸಹಜ. ಆದರೆ ಆಮ್ಲವನ್ನು ತಡೆದುಕೊಳ್ಳುವ ಕ್ಷಾರತೆ ಆ ನೀರಿನಲ್ಲಿ ಇಲ್ಲ, ಮುಚ್ಚಿದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಬದುಕುವ ಮೀನಿಗೆ ಬೇಕಾದದ್ದು ಅದೇ.

ಆಗುವುದು ಹೀಗೆ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವಾಗ ಆಮ್ಲ ಉಂಟಾಗುತ್ತದೆ. ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕ ಹೀಗೆ ಬದಲಾಗಲು ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಕ್ಷಾರತೆ ಖರ್ಚಾಗುತ್ತದೆ. ಘಟ್ಟದ ಮೇಲಿನ ಗಡಸು ನೀರಿನಲ್ಲಿ ಈ ಖರ್ಚು ಗಮನಕ್ಕೂ ಬರುವುದಿಲ್ಲ. ಇಲ್ಲಿ ಕೆಲವೇ ವಾರಗಳಲ್ಲಿ ಇದ್ದಬದ್ದ ಕ್ಷಾರತೆ ಮುಗಿದು ಪಿಎಚ್ 6ಕ್ಕಿಂತ ಕೆಳಕ್ಕೆ ಜಾರುತ್ತದೆ. ಆ ಆಮ್ಲೀಯತೆಯಲ್ಲಿ ಬ್ಯಾಕ್ಟೀರಿಯಾಗಳ ಕೆಲಸವೂ ಬಹುಮಟ್ಟಿಗೆ ನಿಲ್ಲುತ್ತದೆ, ಅಮೋನಿಯಾ ಶೇಖರವಾಗತೊಡಗುತ್ತದೆ. ಪಿಎಚ್ ಕಡಿಮೆ ಇರುವುದರಿಂದ ಆ ಅಮೋನಿಯಾ ತಕ್ಷಣ ಕೊಲ್ಲುವುದಿಲ್ಲ. ನಿಧಾನವಾಗಿ ಒಗ್ಗಿಕೊಂಡ ಹಳೆಯ ಮೀನುಗಳು ಮಂಕಾಗಿ, ಆದರೆ ಜೀವಂತವಾಗಿ ಉಳಿಯುತ್ತವೆ. ಅಂಗಡಿಯ ಪಿಎಚ್ 7.5ರ ನೀರಿನಿಂದ ಬಂದ ಹೊಸ ಮೀನು ಮಾತ್ರ ಒಂದೆರಡು ದಿನದಲ್ಲಿ ಸಾಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮುಂದಿನದು. ಮೀನು ಸತ್ತಿತೆಂದು ಹೆದರಿ ಅರ್ಧಕ್ಕಿಂತ ಹೆಚ್ಚು ನೀರನ್ನು ತೆಗೆದು, ಪಿಎಚ್ ಹೆಚ್ಚಿರುವ ನಳ್ಳಿನೀರನ್ನು ತುಂಬಿದರೆ, ತೊಟ್ಟಿಯಲ್ಲಿ ಉಳಿದ ಅಮೋನಿಯಾದ ವಿಷ ನಿಮಿಷಗಳಲ್ಲಿ ಹತ್ತಾರು ಪಟ್ಟು ಹೆಚ್ಚಿ, ವರ್ಷಗಟ್ಟಲೆ ಬದುಕಿದ್ದ ಮೀನುಗಳೂ ಅದೇ ಸಂಜೆ ಸಾಯಬಹುದು. ನೀರು ಬದಲಿಸಿದ್ದರಿಂದಲೇ ಸತ್ತವು ಎಂದು ಅನೇಕರು ಹೇಳುವುದು ಸುಳ್ಳಲ್ಲ, ಅದರ ಹಿಂದಿನ ಕಾರಣ ಮಾತ್ರ ಇದು.

ಹಾಗಾಗಿ ಪಿಎಚ್ 6.2ಕ್ಕಿಂತ ಕಡಿಮೆ, ಕೆಎಚ್ ಸೊನ್ನೆ ಅಥವಾ ಒಂದು, ಅಮೋನಿಯಾ ಹೆಚ್ಚು, ಈ ಮೂರೂ ಒಟ್ಟಿಗೆ ಕಂಡರೆ ಅವಸರ ಮಾಡಬೇಡಿ. ಮೊದಲ ಮೂರು ನಾಲ್ಕು ದಿನ ದಿನಕ್ಕೆ ಹತ್ತನೇ ಒಂದು ಪಾಲು ನೀರನ್ನು ಮಾತ್ರ, ಅದೂ ಅದೇ ಬಾವಿಯ ನೀರಿನಿಂದ, ಬದಲಿಸಿ ಅಮೋನಿಯಾವನ್ನು ತಗ್ಗಿಸಿ. ಅನಂತರ ಅಡುಗೆ ಸೋಡಾದಿಂದ ಕ್ಷಾರತೆಯನ್ನು ಮೆಲ್ಲನೆ ಏರಿಸಿ. 50 ಲೀಟರ್ ನೀರಿಗೆ ಒಂದು ಚಹಾ ಚಮಚ, ಅಂದರೆ ಸುಮಾರು 5 ಗ್ರಾಂ, ಸೋಡಾ ಕೆಎಚ್ ಅನ್ನು 3 ಡಿಗ್ರಿಯಷ್ಟು ಏರಿಸುತ್ತದೆ. ಅದನ್ನು ಒಮ್ಮೆಲೇ ಹಾಕದೆ ದಿನಕ್ಕೆ ಕಾಲು ಚಮಚದಂತೆ ಒಂದು ಲೋಟ ನೀರಿನಲ್ಲಿ ಕರಗಿಸಿ ಫಿಲ್ಟರ್‌ನ ಹರಿವಿಗೆ ಹೊಯ್ಯಬೇಕು. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಇದಕ್ಕೆ ಆಗದು. ಪ್ರತಿದಿನವೂ ಪಿಎಚ್ ಮತ್ತು ಅಮೋನಿಯಾ ಎರಡನ್ನೂ ಅಳೆದು, ಅಮೋನಿಯಾ ಇನ್ನೂ ಹೆಚ್ಚಿದ್ದರೆ ಆ ದಿನ ಸೋಡಾವನ್ನು ನಿಲ್ಲಿಸಿ. ಕೆಎಚ್ 3 ಅಥವಾ 4ಕ್ಕೆ ಬಂದರೆ ಸಾಕು.

ಮುಂದಿನ ದಿನಗಳಿಗೆ ನಮ್ಮೂರಿನಲ್ಲೇ ಸಿಗುವ ಒಳ್ಳೆಯ ಉಪಾಯ ಮರುವಾಯಿಯ, ಅಂದರೆ ತಿನ್ನುವ ಚಿಪ್ಪುಮೀನಿನ, ಚಿಪ್ಪು. ಅಡುಗೆಯಾದ ಮೇಲೆ ಉಳಿದ ಚಿಪ್ಪುಗಳಿಗೆ ಅಂಟಿರುವ ಮಾಂಸವನ್ನೆಲ್ಲ ಕೆರೆದು ತೆಗೆದು, ಉಪ್ಪು ಖಾರವಿಲ್ಲದ ನೀರಿನಲ್ಲಿ ಚೆನ್ನಾಗಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ತರಿತರಿಯಾಗಿ ಒಡೆಯಿರಿ. ಎರಡು ಅಡಿಯ ತೊಟ್ಟಿಗೆ ಒಂದು ಹಿಡಿ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್‌ನ ನೀರು ಹಾದುಹೋಗುವಲ್ಲಿ ಇಡಿ. ನೀರು ಆಮ್ಲೀಯವಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಪಿಎಚ್ ಸರಿಯಾದಂತೆ ತಾನೇ ನಿಧಾನವಾಗುತ್ತದೆ. ಅಂಗಡಿಯ ಎಷ್ಟೋ ದ್ರಾವಣಗಳಿಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಆದರೆ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಮೀನಿರುವ ತೊಟ್ಟಿಗೆ ಎಂದೂ ಹಾಕಬಾರದು, ಪಿಎಚ್ ಒಮ್ಮೆಲೇ ಹಾರಿಹೋಗುತ್ತದೆ. ಮನೆಯ ಆರ್‌ಒ ಯಂತ್ರದ ನೀರಿನಲ್ಲಿ ಖನಿಜಾಂಶ ಬಾವಿನೀರಿಗಿಂತಲೂ ಕಡಿಮೆಯಾದ್ದರಿಂದ ಶುದ್ಧವೆಂಬ ಕಾರಣಕ್ಕೆ ಅದನ್ನು ತುಂಬುವುದು ಈ ಕುಸಿತವನ್ನು ಬೇಗ ಬರಮಾಡಿಕೊಂಡಂತೆ.

ಬಾವಿಯಿಂದ ಆಗಷ್ಟೇ ಎತ್ತಿದ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಒಂದು ಬಾಲ್ದಿ ನೀರಿನ ಪಿಎಚ್ ಅನ್ನು ಎತ್ತಿದ ಕೂಡಲೇ ಅಳೆದು, ಏರ್ ಪಂಪ್ ಹಾಕಿ ಇಡೀ ದಿನ ಬಿಟ್ಟು ಮತ್ತೆ ಅಳೆದರೆ ಎರಡೂ ಅಂಕಗಳು ಬೇರೆಯಾಗಿರುತ್ತವೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಎರಡನೆಯದನ್ನು. ಕೂಳೂರು, ಉಳ್ಳಾಲ, ಉದ್ಯಾವರ, ಮಲ್ಪೆಯಂತಹ ಅಳಿವೆ ಸಮೀಪದ ಊರುಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಬಾವಿಗೆ ಉಪ್ಪುನೀರು ನುಗ್ಗುವುದೂ ಉಂಟು. ನೀರಿನಲ್ಲಿ ಕರಗಿದ ಲವಣಾಂಶವನ್ನು ಅಳೆಯುವ ಕಡಿಮೆ ಬೆಲೆಯ ಟಿಡಿಎಸ್ ಮೀಟರ್ ಇದ್ದರೆ ನೀರು ಬದಲಾದದ್ದು ನಾಲಗೆಗಿಂತ ಮೊದಲೇ ತಿಳಿಯುತ್ತದೆ.

ನಳ್ಳಿನೀರು, ಟ್ಯಾಂಕರ್, ಬ್ಲೀಚಿಂಗ್ ಪೌಡರ್

ಮಂಗಳೂರು ನಗರಕ್ಕೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದಲೂ ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆಯಿಂದಲೂ ನೀರು ಬರುತ್ತದೆ, ಎರಡಕ್ಕೂ ಕ್ಲೋರಿನ್ ಬೆರೆಸುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಮನೆಯ ನಳ್ಳಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರ ಆರೋಗ್ಯಕ್ಕೆ ಅಗತ್ಯವಾದ ಆ ಪ್ರಮಾಣದ ಹತ್ತನೇ ಒಂದು ಪಾಲು ಕೂಡ ಮೀನಿನ ಕಿವಿರಿಗೆ ಅಪಾಯಕಾರಿ. ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಮೀನುಗಳು ಹುಚ್ಚೆದ್ದಂತೆ ಓಡಾಡಿ, ಮೇಲಕ್ಕೆ ಬಂದು ಏದುಸಿರು ಬಿಟ್ಟು ಸತ್ತರೆ ಮೊದಲು ನೆನೆಯಬೇಕಾದ್ದು ಇದನ್ನೇ. ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿಯಾಡಿಸುತ್ತ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸಂಯುಕ್ತ) ಬಳಸಿದ್ದರೆ ಅದು ಹಾಗೆ ಹೋಗದು. ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್, ಹರಳು ಅಥವಾ ಹನಿಯನ್ನು ಚೀಟಿಯಲ್ಲಿ ಹೇಳಿದ ಅಳತೆಯಂತೆ ಬಳಸುವುದೇ ಸುರಕ್ಷಿತ.

ನದಿನೀರಿಗಿಂತ ಹೆಚ್ಚು ಮೋಸವಾಗುವುದು ಮನೆಯ ಸುತ್ತಲಿನ ಬ್ಲೀಚಿಂಗ್ ಪೌಡರಿನಿಂದ. ಮಳೆಗಾಲದಲ್ಲಿ ಬಾವಿಗೆ ಅದನ್ನು ಹಾಕಿಸುತ್ತಾರೆ, ಫ್ಲ್ಯಾಟ್‌ಗಳಲ್ಲಿ ಮೇಲಿನ ಟ್ಯಾಂಕನ್ನು ಅದರಿಂದಲೇ ತೊಳೆಯುತ್ತಾರೆ, ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಯಾವ ಮೂಲದ್ದು, ಅದಕ್ಕೆ ಏನು ಬೆರೆಸಿದ್ದಾರೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಬಾವಿನೀರೇ ಎಂಬ ಧೈರ್ಯದಲ್ಲಿ ಕ್ಲೋರಿನ್ ಪರೀಕ್ಷೆ ಮಾಡದೆ ಸುರಿದವರು ಮೀನು ಕಳೆದುಕೊಳ್ಳುತ್ತಾರೆ. ಸೊಳ್ಳೆಮರಿ ತಿನ್ನಲೆಂದು ನಿಮ್ಮ ಬಾವಿಯಲ್ಲಿ ಗಪ್ಪಿಗಳನ್ನು ಬಿಟ್ಟಿದ್ದರೆ ನೀರೆತ್ತುವ ಮೊದಲು ಒಮ್ಮೆ ಇಣುಕಿ ನೋಡಿ, ಅವು ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿದ್ದರೆ ಆ ನೀರು ಸದ್ಯ ಬೇಡ.

ಗಾಳಿಯಿಂದ ಬರುವ ವಿಷ

ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು ತೊಟ್ಟಿಯೆಲ್ಲ ಒಮ್ಮೆಗೇ ಸತ್ತಿದ್ದರೆ ಕಳೆದ ಎರಡು ಮೂರು ದಿನ ಮನೆಯೊಳಗೆ ಏನೇನು ಸಿಂಪಡಿಸಲಾಯಿತು ಎಂದು ಎಲ್ಲರನ್ನೂ ಕೇಳಿ. ಮಲೇರಿಯಾ, ಡೆಂಗಿ ಭಯವಿರುವ ನಮ್ಮ ಊರುಗಳಲ್ಲಿ ಸೊಳ್ಳೆಬತ್ತಿ, ದ್ರವದ ಯಂತ್ರ, ಸ್ಪ್ರೇ ಇಲ್ಲದ ಮನೆ ಕಡಿಮೆ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಬಗೆಯ ಕೀಟನಾಶಕಗಳು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನು ಹೀರಿ ಗುಳ್ಳೆಗಳಾಗಿ ನೀರಿಗೆ ಬೆರೆಸುವುದರಿಂದ ಪಂಪಿನ ಪಕ್ಕದಲ್ಲೇ ಉರಿಯುವ ಬತ್ತಿ ರಾತ್ರಿಯಿಡೀ ಅದನ್ನು ತೊಟ್ಟಿಗೆ ಕಳುಹಿಸುತ್ತಿರುತ್ತದೆ. ರಸ್ತೆಯಲ್ಲಿ ಫಾಗಿಂಗ್ ಹೊಗೆ ಬರುವಾಗ ಕಿಟಕಿ ಮುಚ್ಚಿ, ಪಂಪ್ ನಿಲ್ಲಿಸಿ, ತೊಟ್ಟಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಹೊಗೆ ಹೋದ ಮೇಲೆ ಎಲ್ಲವನ್ನೂ ತೆರೆಯಿರಿ. ಗೆದ್ದಲಿನ ಔಷಧ, ಹೊಸ ಪೈಂಟ್, ವಾರ್ನಿಶ್ ಇವಕ್ಕೂ ಇದೇ ಎಚ್ಚರಿಕೆ. ವಿಷ ಸೇರಿರುವುದು ಖಚಿತವೆನಿಸಿದರೆ ಅರ್ಧದಷ್ಟು ನೀರನ್ನು ಬದಲಿಸಿ, ಫಿಲ್ಟರ್‌ಗೆ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ.

ಅಡಿಕೆ ತೋಟವಿರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ, ಮತ್ತು ತಾಮ್ರ ಮೆದು ನೀರಿನಲ್ಲಿ ಗಡಸು ನೀರಿಗಿಂತ ಬಹಳ ಹೆಚ್ಚು ವಿಷಕಾರಿ. ಮದ್ದು ಬಿಟ್ಟ ದಿನಗಳಲ್ಲಿ ತೋಟದ ಬಾವಿಯ ನೀರನ್ನು ತೊಟ್ಟಿಗೆ ಬಳಸಬೇಡಿ, ಮೈಲುತುತ್ತು ಕದಡಿದ ಬಾಲ್ದಿಯನ್ನು ಎಷ್ಟೇ ತೊಳೆದರೂ ಮೀನಿನ ಕೆಲಸಕ್ಕೆ ಮುಟ್ಟಬೇಡಿ. ಅಕ್ವೇರಿಯಂಗೆಂದೇ ಬೇರೆ ಬಣ್ಣದ ಒಂದು ಬಾಲ್ದಿ, ಒಂದು ಮಗ್ ಇಟ್ಟುಕೊಳ್ಳುವುದು ಈ ಕಾರಣಕ್ಕೂ ಸಾಬೂನಿನ ಕಾರಣಕ್ಕೂ ಒಳ್ಳೆಯದು.

ಸೆಕೆ ಮತ್ತು ಕರೆಂಟ್ ಹೋಗುವುದು

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುವ ಸಿಹಿನೀರು 30 ಡಿಗ್ರಿಯಲ್ಲಿ ಸುಮಾರು 7.6 ಮಿಲಿಗ್ರಾಂ ಹಿಡಿಯುತ್ತದೆ, ಅದೇ ಹೊತ್ತಿಗೆ ಮೀನಿನ ಅಗತ್ಯ ಹೆಚ್ಚುತ್ತದೆ. ಗಿಡಗಳೂ ರಾತ್ರಿ ಆಮ್ಲಜನಕವನ್ನೇ ಬಳಸುವುದರಿಂದ ಬೆಳಗಿನ ಜಾವ ಅತಿ ಕಡಿಮೆಯಾಗಿರುತ್ತದೆ. ಮೇ ತಿಂಗಳಲ್ಲಿ ಮೀನುಗಳು ಬೆಳಿಗ್ಗೆಯೇ ಸತ್ತಿದ್ದರೆ ಸೂರ್ಯೋದಯಕ್ಕೆ ಮೊದಲು ಎದ್ದು ಒಮ್ಮೆ ನೋಡಿ.

ಮಳೆಗಾಲದಲ್ಲಿ ತಾಸುಗಟ್ಟಲೆ ಕರೆಂಟ್ ಹೋದಾಗ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್‌ನ ಒಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ಕರೆಂಟ್ ಬಂದಾಗ ಆ ಕೊಳೆತ ನೀರು ನೇರವಾಗಿ ತೊಟ್ಟಿಗೆ ಬರುತ್ತದೆ. ಎರಡು ಗಂಟೆಗಿಂತ ಹೆಚ್ಚು ನಿಂತಿದ್ದರೆ ಫಿಲ್ಟರ್‌ನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಜಾಲಿಸಿ, ಆಮೇಲೆ ಚಾಲೂ ಮಾಡಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ನೀರಿಗೆ ಕೈಹಾಕುವ ಮೊದಲು ಎಲ್ಲ ಪ್ಲಗ್‌ಗಳನ್ನು ತೆಗೆಯುವುದನ್ನು ಮಾತ್ರ ಎಂದೂ ಮರೆಯಬೇಡಿ.

ರೋಗ ಮತ್ತು ಔಷಧ

ಇಷ್ಟೆಲ್ಲ ನೋಡಿದ ಮೇಲೂ ಉತ್ತರ ಸಿಗದಿದ್ದರೆ ಆಗ ರೋಗದ ವಿಚಾರ. ರವೆಯಂಥ ಬಿಳಿ ಚುಕ್ಕೆಗಳಿದ್ದರೆ ಇಕ್, ಚಿನ್ನದ ಧೂಳಿನಂತೆ ಮಿನುಗುವ ಪುಡಿ ಇದ್ದರೆ ವೆಲ್ವೆಟ್, ಹುರುಪೆಗಳು ಎದ್ದು ನಿಂತು ಹೊಟ್ಟೆ ಉಬ್ಬಿದ್ದರೆ ಡ್ರಾಪ್ಸಿ. ನಮ್ಮ ಬಿಸಿನೀರಿನಲ್ಲಿ ಹೆಚ್ಚು ಜಾಗರೂಕರಾಗಬೇಕಾದ್ದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ. ಬಾಯಿಯ ಸುತ್ತ ಹತ್ತಿಯಂತೆ ಕಾಣುವ ಇದನ್ನು ಶಿಲೀಂಧ್ರವೆಂದು ತಪ್ಪಾಗಿ ತಿಳಿದು, ಇಕ್‌ಗೆ ಮಾಡುವಂತೆ ನೀರಿನ ಬಿಸಿ ಏರಿಸಿದರೆ ರೋಗ ಇನ್ನೂ ವೇಗವಾಗಿ ಹರಡುತ್ತದೆ.

ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧವನ್ನು ಪ್ರತ್ಯೇಕ ಪಾತ್ರೆಯಲ್ಲಿ ಬಳಸಿ, ಮುಖ್ಯ ತೊಟ್ಟಿಗೆ ಹಾಕಬೇಡಿ, ಅದು ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುತ್ತದೆ. ತಾಮ್ರದ ಔಷಧಗಳು ನಮ್ಮ ಮೆದು ನೀರಿಗೆ ಸಲ್ಲವು. ನೈಟ್ರೈಟ್ ಹೆಚ್ಚಿದ್ದರೆ ಔಷಧಕ್ಕಿಂತ ಕಲ್ಲುಪ್ಪು ಉಪಯುಕ್ತ: ಲೀಟರಿಗೆ ಅರ್ಧ ಗ್ರಾಂ, ಅಂದರೆ 50 ಲೀಟರಿಗೆ 25 ಗ್ರಾಂ ಉಪ್ಪನ್ನು ಕರಗಿಸಿ ಹಾಕಿದರೆ ಅದರಲ್ಲಿನ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ಗೊತ್ತಿಲ್ಲದ ರೋಗಕ್ಕೆ ಆ್ಯಂಟಿಬಯಾಟಿಕ್ ಸುರಿಯಬೇಡಿ. ಮಂಗಳೂರಿನ ಎಕ್ಕೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಮೊದಲೇ ಕರೆಮಾಡಿ ಕೇಳಿಕೊಂಡು ತಜ್ಞರ ಬಳಿಗೆ ಹೋಗುವುದಾದರೆ ಸತ್ತ ಮೀನಿಗಿಂತ ಕಾಯಿಲೆ ಬಿದ್ದ ಜೀವಂತ ಮೀನು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸತ್ತ ಮೀನನ್ನೇ ಒಯ್ಯಬೇಕಾದರೆ ಫ್ರೀಜರಿನಲ್ಲಿ ಗಟ್ಟಿಯಾಗಿಸದೆ ಮಂಜುಗಡ್ಡೆಯ ಮೇಲಿಟ್ಟು, ಮೊದಲೇ ತೆಗೆದಿಟ್ಟ ನೀರಿನ ಬಾಟಲಿಯೊಂದಿಗೆ ಅಂದೇ ಒಯ್ಯಿರಿ.

ಮತ್ತೆ ಮೀನು ತರುವಾಗ

ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿ, ಕೆಎಚ್ ಇಳಿಯದೆ ಎರಡು ವಾರ ನಿಂತ ಮೇಲೆ ಹೊಸ ಮೀನನ್ನು ತನ್ನಿ. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನನ್ನು ತೊಟ್ಟಿಯ ನೀರು ಸ್ವಲ್ಪಸ್ವಲ್ಪವೇ ಬೆರೆಸುತ್ತ ಒಂದು ಗಂಟೆ ಒಗ್ಗಿಸಬಹುದು. ಚೆನ್ನೈನ ಕೊಳತ್ತೂರಿನಂಥ ದೂರದ ಮಾರುಕಟ್ಟೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಚೀಲಕ್ಕೆ ಆ ಕ್ರಮ ಸಲ್ಲದು. ಮುಚ್ಚಿದ ಚೀಲದಲ್ಲಿ ಅಮೋನಿಯಾ ಸೇರಿದ್ದರೂ ಮೀನು ಬಿಟ್ಟ ಉಸಿರಿನಿಂದ ಪಿಎಚ್ ಇಳಿದಿರುವುದರಿಂದ ಅದು ಬದುಕಿರುತ್ತದೆ. ಚೀಲ ತೆರೆದ ಕೂಡಲೇ ಪಿಎಚ್ ಏರಿ ವಿಷ ಹೆಚ್ಚುತ್ತದೆ. ಅಂಥ ಚೀಲವನ್ನು ಕಟ್ಟಿದ ಹಾಗೆಯೇ ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಿಸಿ ಉಷ್ಣತೆಯನ್ನು ಸರಿಹೊಂದಿಸಿ, ತೆರೆದೊಡನೆ ಮೀನನ್ನು ಬಲೆಯಿಂದ ಎತ್ತಿ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಬಿಡುವುದು ಕೂಡ ಮುಖ್ಯ ತೊಟ್ಟಿಗಲ್ಲ, ಸ್ಪಂಜ್ ಫಿಲ್ಟರ್ ಹಾಕಿದ ಬೇರೆ ತೊಟ್ಟಿಗೆ. ಅಲ್ಲಿ ಮೂರು ವಾರ ಇರಲಿ, ಆ ಅವಧಿಯಲ್ಲಿ ಎರಡೂ ತೊಟ್ಟಿಗಳಿಗೆ ಒಂದೇ ಬಲೆಯನ್ನಾಗಲಿ, ಒಂದೇ ಪೈಪನ್ನಾಗಲಿ ಬಳಸಬೇಡಿ.